ತಡವರಿಸಿದ ದೊರೆಯೂ ಕಾದು ಕೇಳಿದ ಗುರುವೂ

ನಮ್ಮ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ, ಅಜ್ಜಿಯರ ಸೀರೆಯ ಗಂಟುಗಳಲ್ಲಿ, ಈಗಲೂ ಒಮ್ಮೊಮ್ಮೆ ಒಂದು ಹಳೆಯ ನಾಣ್ಯ ದೊರೆಯುವುದುಂಟು. ಅದರ ಒಂದು ಮುಖದಲ್ಲಿ ಕಿರೀಟ ಧರಿಸಿದ ಪುರುಷನೊಬ್ಬನ ತಲೆ ಅಚ್ಚಾಗಿರುತ್ತದೆ. ಸುತ್ತಲೂ ಆರನೆಯ ಜಾರ್ಜ್ ದೊರೆ, ಚಕ್ರವರ್ತಿ ಎಂಬರ್ಥದ ಇಂಗ್ಲಿಷ್ ಅಕ್ಷರಗಳಿರುತ್ತವೆ. ೧೯೩೬ರ ಡಿಸೆಂಬರಿನಿಂದ ೧೯೪೭ರ ಆಗಸ್ಟಿನವರೆಗೆ ನಮ್ಮ ಈ ವಯನಾಡು, ಆಗಿನ ಮದರಾಸು ಪ್ರಾಂತದ ಮಲಬಾರು ಜಿಲ್ಲೆಯ ಒಂದು ಭಾಗವಾಗಿ, ಇವರ ಹೆಸರಿನಲ್ಲಿಯೇ ಆಳಲ್ಪಡುತ್ತಿತ್ತು. ಕಂದಾಯ ವಸೂಲಾಗುತ್ತಿದ್ದುದು, ಅಪರಾಧಿಗೆ ಶಿಕ್ಷೆಯಾಗುತ್ತಿದ್ದುದು, ಎಲ್ಲವೂ ಈ ಹೆಸರಿನಲ್ಲಿ. ಇಷ್ಟು ದೊಡ್ಡ ಹೆಸರನ್ನು ಹೊತ್ತ ಈ ಮನುಷ್ಯರಿಗೆ ನಾಲ್ಕು ಜನರ ಮುಂದೆ ನಿಂತು ನಾಲ್ಕು ಮಾತುಗಳನ್ನು ತಡೆಯಿಲ್ಲದೆ ಆಡುವುದು ಬಹು ಕಷ್ಟವಾಗಿತ್ತೆಂದರೆ ನಂಬುವುದು ಕಠಿಣ. ಆದರೆ ಅದು ನಿಜ.

ಆ ಸಾಮ್ರಾಜ್ಯವು ಈಗ ಇಲ್ಲ. ಅದು ಹೋದುದಕ್ಕಾಗಿ ನಾವು ವ್ಯಥೆಪಡಬೇಕಾದುದೂ ಇಲ್ಲ. ಅದಕ್ಕೆ ತಳಹದಿ ಹಾಕಿದ ಕಂಪೆನಿಯನ್ನು ಎದುರಿಸಿ ಪಳಶ್ಶಿ ರಾಜನು ೧೮೦೫ರಲ್ಲಿ ಪ್ರಾಣ ಕೊಟ್ಟುದು ಇದೇ ಕಾಡುಗಳಲ್ಲಿ. ಹೀಗಿದ್ದರೂ ಆ ದೊರೆಯ ಕಥೆಯಲ್ಲಿ ನಮ್ಮ ಮಕ್ಕಳೂ ಅವರ ತಂದೆತಾಯಿಗಳೂ ತಿಳಿಯಬೇಕಾದ ಒಂದು ವಿಷಯವಿದೆ. ಅದು ಕಿರೀಟಕ್ಕೆ ಸಂಬಂಧಿಸಿದುದಲ್ಲ, ಕಂಠಕ್ಕೆ ಸಂಬಂಧಿಸಿದುದು. ಅದಕ್ಕಿಂತಲೂ ಹೆಚ್ಚಾಗಿ ಕಿವಿಗೆ ಸಂಬಂಧಿಸಿದುದು.

೨೦೧೦ರಲ್ಲಿ ಬಂದ ‘ದಿ ಕಿಂಗ್ಸ್ ಸ್ಪೀಚ್’, ಎಂದರೆ ‘ದೊರೆಯ ಭಾಷಣ’, ಎಂಬ ಇಂಗ್ಲಿಷ್ ಚಲನಚಿತ್ರವು ಈ ಕಥೆಯನ್ನೇ ಹೇಳುತ್ತದೆ. ಟಾಮ್ ಹೂಪರ್ ಎಂಬವರು ಅದನ್ನು ನಿರ್ದೇಶಿಸಿದರು. ಕಾಲಿನ್ ಫರ್ತ್ ದೊರೆಯಾಗಿಯೂ, ಜೆಫ್ರಿ ರಶ್ ಅವರ ಗುರುವಾಗಿಯೂ ಅಭಿನಯಿಸಿದರು. ೨೦೧೧ರಲ್ಲಿ ಅದಕ್ಕೆ ಶ್ರೇಷ್ಠ ಚಿತ್ರ, ನಿರ್ದೇಶನ, ನಟ, ಚಿತ್ರಕಥೆ ಎಂಬ ನಾಲ್ಕು ಆಸ್ಕರ್ ಪ್ರಶಸ್ತಿಗಳು ದೊರೆತವು. ಚಿತ್ರಕಥೆಯನ್ನು ಬರೆದ ಡೇವಿಡ್ ಸೈಡ್ಲರ್ ಸ್ವತಃ ಬಾಲ್ಯದಲ್ಲಿ ಉಗ್ಗುತ್ತಿದ್ದವರು. ಯುದ್ಧಕಾಲದಲ್ಲಿ ರೇಡಿಯೋದಲ್ಲಿ ದೊರೆಯ ಭಾಷಣವನ್ನು ಕೇಳಿ, ‘ಇವರೇ ಮಾತನಾಡಬಲ್ಲರಾದರೆ ನಾನೇಕೆ ಮಾತನಾಡಲಾರೆ?’ ಎಂಬ ಆಸೆಯನ್ನು ತಳೆದ ಹುಡುಗ ಅವರು. ದೊಡ್ಡವರಾದ ಮೇಲೆ ಈ ಕಥೆಯನ್ನು ಬರೆಯಲು ದೊರೆಯ ಪತ್ನಿಯ ಅನುಮತಿ ಕೇಳಿದಾಗ, ‘ನಾನು ಬದುಕಿರುವವರೆಗೆ ಬೇಡ, ಆ ನೆನಪುಗಳು ಇನ್ನೂ ನೋಯಿಸುತ್ತವೆ’ ಎಂಬ ಅರ್ಥದ ಉತ್ತರ ಬಂತು. ಸೈಡ್ಲರ್ ಕಾದರು. ಆ ವೃದ್ಧ ರಾಣಿ ೨೦೦೨ರಲ್ಲಿ ನಿಧನರಾದ ಅನಂತರವೇ ಅವರು ಕಥೆಯನ್ನು ಮುಂದುವರಿಸಿದರು. ಒಬ್ಬರ ಉಗ್ಗು ಅವರನ್ನು ಪ್ರೀತಿಸಿದವರ ಮನಸ್ಸಿನಲ್ಲಿ ಎಷ್ಟು ಕಾಲ ನೋವಾಗಿ ಉಳಿಯಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ದೊರೆ ಹುಟ್ಟಿದುದು ೧೮೯೫ರ ಡಿಸೆಂಬರ್ ೧೪ರಂದು. ಆಗ ಅವರ ಹೆಸರು ಆಲ್ಬರ್ಟ್. ಅವರು ಐದನೆಯ ಜಾರ್ಜರ ಎರಡನೆಯ ಮಗ. ಪಟ್ಟಕ್ಕೆ ಬರಬೇಕಾದವರು ಅಣ್ಣ ಎಡ್ವರ್ಡ್. ಆಲ್ಬರ್ಟರಿಗೆ ಎಡಗೈ ವಾಟ. ಬಲಗೈಯಲ್ಲಿಯೇ ಬರೆಯಬೇಕೆಂದು ಹಿರಿಯರು ಒತ್ತಾಯಪಡಿಸಿದರು. ಮೊಣಕಾಲುಗಳು ಒಳಕ್ಕೆ ಬಾಗಿದ್ದುದರಿಂದ ಕಾಲಿಗೆ ಪಟ್ಟಿ ಕಟ್ಟಿ ನೆಟ್ಟಗಾಗಿಸುವ ಪ್ರಯತ್ನವೂ ನಡೆಯಿತು. ತಂದೆಯವರು ಬಹು ಕಠಿಣ ಶಿಸ್ತಿನವರು. ಏಳೆಂಟು ವರ್ಷದ ಹೊತ್ತಿಗೆ ಹುಡುಗನಿಗೆ ಉಗ್ಗು ಕಾಣಿಸಿಕೊಂಡಿತು. ಎಡಗೈಯನ್ನು ತಡೆದುದರಿಂದಲೇ ಉಗ್ಗು ಬಂತೆಂದು ಹಿಂದೆ ಹೇಳುತ್ತಿದ್ದರು. ಈಗಿನ ವಿಜ್ಞಾನವು ಆ ಮಾತನ್ನು ಹಾಗೆಯೇ ಒಪ್ಪುವುದಿಲ್ಲ. ಆದರೂ ಸದಾ ತಿದ್ದಲ್ಪಡುವ ಮಗುವಿಗೆ ಮಾತು ಹಗುರವಾಗಿ ಬಾರದೆಂಬುದನ್ನು ತಿಳಿಯಲು ವಿಜ್ಞಾನವೂ ಬೇಕಾಗಿಲ್ಲ.

ಉಗ್ಗೆಂದರೆ ಏನು? ನಮ್ಮ ಮಾತಿನಲ್ಲಿ ತೊದಲು ಎಂಬ ಶಬ್ದವೂ ಇದೆ. ಆದರೆ ಎಳೆಯ ಮಗುವಿನ ತೊದಲ್ನುಡಿ ಬೇರೆ, ಉಗ್ಗು ಬೇರೆ. ಉಗ್ಗುವವನಿಗೆ ತಾನು ಹೇಳಬೇಕಾದುದು ಏನೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಶಬ್ದವೂ ಗೊತ್ತು, ಅದರ ಅರ್ಥವೂ ಗೊತ್ತು. ಹೊರಡಿಸುವಲ್ಲಿ ಮಾತ್ರ ತಡೆಯುಂಟಾಗುತ್ತದೆ. ಕೆಲವೊಮ್ಮೆ ಮೊದಲಕ್ಷರವೇ ಮರಳಿ ಮರಳಿ ಬರುತ್ತದೆ. ಕೆಲವೊಮ್ಮೆ ಅದು ಎಳೆದುಕೊಳ್ಳುತ್ತದೆ. ಕೆಲವೊಮ್ಮೆ ಬಾಯಿ ತೆರೆದಿದ್ದರೂ ಧ್ವನಿಯೇ ಹೊರಡುವುದಿಲ್ಲ.

ವರ್ಣಮಾಲೆಯನ್ನು ಕಲಿತ ಕನ್ನಡದ ಮಕ್ಕಳಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕವರ್ಗ ಕಂಠದಲ್ಲಿ, ಪವರ್ಗ ತುಟಿಗಳಲ್ಲಿ ಹುಟ್ಟುತ್ತದೆಂದು ವ್ಯಾಕರಣದ ಪಾಠದಲ್ಲಿ ಓದಿದ್ದೀರಿ. ಒಂದೊಂದು ಅಕ್ಷರಕ್ಕೂ ಶ್ವಾಸಕೋಶದಿಂದ ಉಸಿರು ಏಳಬೇಕು, ಗಂಟಲಿನ ಧ್ವನಿತಂತುಗಳು ಕಂಪಿಸಬೇಕು, ನಾಲಿಗೆಯೋ ತುಟಿಯೋ ತಕ್ಕ ಸ್ಥಾನವನ್ನು ಸೇರಬೇಕು. ಇವೆಲ್ಲವೂ ಕ್ಷಣಮಾತ್ರದಲ್ಲಿ, ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕು. ನಮ್ಮ ಗದ್ದೆಗಳಲ್ಲಿ ನಾಟಿಯ ಸಾಲನ್ನು ನೋಡಿರಿ. ಹತ್ತು ಜನ ಒಂದೇ ಹದದಲ್ಲಿ ಹಿಂದೆ ಹಿಂದೆ ಸರಿಯುತ್ತ ನೆಡುತ್ತಾರೆ. ಒಬ್ಬರ ಕೈ ಅರೆಕ್ಷಣ ತಡೆದರೆ ಇಡೀ ಸಾಲು ನಿಲ್ಲುತ್ತದೆ. ಅದಕ್ಕೆ ಕಾರಣ ಅವರಿಗೆ ನೆಡಲು ಬಾರದೆಂಬುದಲ್ಲ, ಹದ ತಪ್ಪಿತೆಂಬುದು. ಮಾತಿನ ಸಾಲಿಗೆ ಹದವನ್ನು ಕೊಡುವುದು ಮೆದುಳು. ಉಗ್ಗಿನ ಮೂಲವು ಅಲ್ಲಿಯ ಹೊಂದಿಕೆಯಲ್ಲಿದೆಯೆಂದೂ, ವಂಶಗುಣವೂ ಅದರಲ್ಲಿ ಸೇರಿದೆಯೆಂದೂ ಈಗ ತಿಳಿದುಬಂದಿದೆ. ಅದು ಬುದ್ಧಿಯ ಕೊರತೆಯಲ್ಲ, ಅಂಜುಬುರುಕತನವಲ್ಲ, ತಾಯಿಯ ತಪ್ಪಲ್ಲ, ಯಾರ ಶಾಪವೂ ಅಲ್ಲ. ಅಂಜಿಕೆಯು ಉಗ್ಗನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ಉಗ್ಗನ್ನು ಹೆಚ್ಚಿಸುತ್ತದೆ.

ನಮ್ಮ ಕಡೆ ಶಿಶುವಿನ ನಾಲಿಗೆಗೆ ಬಜೆಯನ್ನು ತೇಯ್ದು ಹಚ್ಚುವ ಪದ್ಧತಿಯುಂಟು. ಮಲಯಾಳದವರು ಅದನ್ನೇ ವಯಂಬು ಎನ್ನುತ್ತಾರೆ. ಮಾತು ಸ್ವಚ್ಛವಾಗಲೆಂಬ ಹಿರಿಯರ ವಾತ್ಸಲ್ಯ ಅದರಲ್ಲಿದೆ. ಆದರೆ ಉಗ್ಗಿನ ಮೂಲವು ನಾಲಿಗೆಯಲ್ಲಿಲ್ಲವಾದ್ದರಿಂದ, ನಾಲಿಗೆಗೆ ಹಚ್ಚಿದುದು ಅದಕ್ಕೆ ತಾಗಲಾರದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್ ಎಂಬ ನಮ್ಮ ಗಡಿನಾಡಿನ ಬಾಳಿನಿಂದಲೇ ಮಕ್ಕಳು ಉಗ್ಗುತ್ತಾರೆಂದು ಕೆಲವರು ಭಾವಿಸುವುದುಂಟು. ಇದಕ್ಕೂ ಆಧಾರವಿಲ್ಲ. ಅನೇಕ ಭಾಷೆಗಳು ಮಗುವಿಗೆ ಭಾಗ್ಯವೇ ಹೊರತು ಭಾರವಲ್ಲ.

ಇನ್ನು ದೊರೆಯ ಕಥೆಗೆ ಮರಳೋಣ. ೧೯೨೫ರ ಅಕ್ಟೋಬರ್ ೩೧ರಂದು ಲಂಡನ್ನಿನ ವೆಂಬ್ಲಿಯಲ್ಲಿ ಒಂದು ದೊಡ್ಡ ಪ್ರದರ್ಶನದ ಮುಕ್ತಾಯ ಸಮಾರಂಭ. ಯಾರ್ಕಿನ ಡ್ಯೂಕ್ ಎಂಬ ಪದವಿಯಲ್ಲಿದ್ದ ಆಲ್ಬರ್ಟ್ ಅಲ್ಲಿ ಭಾಷಣ ಮಾಡಬೇಕಾಯಿತು. ಎದುರಿಗೆ ಅಪಾರ ಜನಸ್ತೋಮ. ಮುಂದೆ ಧ್ವನಿಗ್ರಾಹಕ ಯಂತ್ರ. ಮಾತು ತಡೆತಡೆದು ನಿಂತಿತು. ಆಡಿದವರಿಗೂ ಕೇಳಿದವರಿಗೂ ಅದು ಸಂಕಟದ ಗಳಿಗೆ. ಚಲನಚಿತ್ರವು ಈ ದೃಶ್ಯದಿಂದಲೇ ಪ್ರಾರಂಭವಾಗುತ್ತದೆ.

ಮರುವರ್ಷ, ೧೯೨೬ರ ಅಕ್ಟೋಬರಿನಲ್ಲಿ, ಅವರು ಲಂಡನ್ನಿನ ಹಾರ್ಲಿ ಬೀದಿಯಲ್ಲಿದ್ದ ಲಯೊನೆಲ್ ಲೋಗ್ ಎಂಬವರಲ್ಲಿಗೆ ಹೋದರು. ಲೋಗ್ ಆಸ್ಟ್ರೇಲಿಯದವರು, ಅಡಿಲೇಡಿನಲ್ಲಿ ೧೮೮೦ರಲ್ಲಿ ಜನಿಸಿದವರು. ಅವರು ವೈದ್ಯರಲ್ಲ. ವಾಚನಕಲೆಯನ್ನು ಕಲಿಸುತ್ತ, ರಂಗದ ಮೇಲೆ ಓದುತ್ತ ಬಂದವರು. ಮೊದಲನೆಯ ಮಹಾಯುದ್ಧದಿಂದ ಧ್ವನಿ ಕೆಟ್ಟು ಹಿಂದಿರುಗಿದ ಸೈನಿಕರಿಗೆ ಮತ್ತೆ ಮಾತನ್ನು ಕಲಿಸುತ್ತ ಅವರ ವಿದ್ಯೆ ಬೆಳೆಯಿತು. ಮಾತಿನ ಚಿಕಿತ್ಸೆಯೆಂಬುದು ಒಂದು ಶಾಸ್ತ್ರವೆಂದು ಲೋಕವು ಇನ್ನೂ ಒಪ್ಪದಿದ್ದ ಕಾಲವದು.

ಅವರು ಮಾಡಿದುದಾದರೂ ಏನು? ಯಾವ ಮಂತ್ರವೂ ಅಲ್ಲ. ಉಸಿರನ್ನು ಎಳೆದು ಬಿಡುವ ಕ್ರಮ, ಅಂಗಗಳನ್ನು ಸಡಿಲಿಸುವ ಅಭ್ಯಾಸ, ಕಠಿಣ ಶಬ್ದಗಳ ಸಾಲನ್ನು ಗಟ್ಟಿಯಾಗಿ ಓದುವುದು, ಭಾಷಣದ ಪ್ರತಿಯಲ್ಲಿ ತೊಡಕಾಗುವ ಶಬ್ದಕ್ಕೆ ಬದಲು ಸುಲಭವಾದುದನ್ನು ಇಡುವುದು, ಎಲ್ಲಿ ಉಸಿರು ತೆಗೆಯಬೇಕೆಂದು ಗುರುತು ಹಾಕುವುದು. ಮೊದಲ ಹದಿನಾಲ್ಕು ತಿಂಗಳಲ್ಲಿಯೇ ಆ ರಾಜಪುತ್ರರು ಗುರುವಿನಲ್ಲಿಗೆ ಎಂಬತ್ತಕ್ಕೂ ಹೆಚ್ಚು ಸಲ ಹೋದರು. ಮನೆಯಲ್ಲಿ ಅಭ್ಯಾಸ ಬೇರೆ. ೧೯೨೭ರ ಮೇ ೯ರಂದು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಪಾರ್ಲಿಮೆಂಟ್ ಭವನವನ್ನು ತೆರೆಯುವಾಗ ಅವರ ಭಾಷಣ ಸರಾಗವಾಗಿ ನಡೆಯಿತು.

ಆಮೇಲೆ ವಿಧಿಯ ಆಟ. ೧೯೩೬ರ ಜನವರಿಯಲ್ಲಿ ತಂದೆ ತೀರಿಕೊಂಡರು. ಪಟ್ಟವನ್ನೇರಿದ ಅಣ್ಣನು ತನ್ನ ಮನಸ್ಸಿಗೆ ಬಂದ ಸ್ತ್ರೀಯನ್ನು ವರಿಸುವುದಕ್ಕಾಗಿ ಅದೇ ವರ್ಷದ ಡಿಸೆಂಬರಿನಲ್ಲಿ ಸಿಂಹಾಸನವನ್ನು ತ್ಯಜಿಸಿದನು. ಬಯಸದ ಕಿರೀಟ ತಮ್ಮನ ತಲೆಗೆ ಬಂತು. ಹಿಂದಿನ ಕಾಲದ ಅರಸನಾಗಿದ್ದರೆ ಅರಮನೆಯೊಳಗೆ ಮೌನವಾಗಿದ್ದು ಕಾಲ ಕಳೆಯಬಹುದಿತ್ತು. ಆದರೆ ಅದು ರೇಡಿಯೋದ ಯುಗ. ದೊರೆಯ ಧ್ವನಿಯು ಮನೆಮನೆಗೂ ಮುಟ್ಟಬೇಕಾಗಿತ್ತು. ೧೯೩೭ರ ಮೇ ೧೨ರಂದು ಪಟ್ಟಾಭಿಷೇಕ ನಡೆಯಿತು. ೧೯೩೯ರ ಸೆಪ್ಟೆಂಬರ್ ೩ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅಂದು ಸಂಜೆ ದೊರೆಯು ಸುಮಾರು ಆರು ನಿಮಿಷಗಳ ಕಾಲ ಪ್ರಜೆಗಳನ್ನು ಉದ್ದೇಶಿಸಿ ಮಾತನಾಡಿದರು. ಲೋಗ್ ಜೊತೆಯಲ್ಲಿದ್ದರು. ಮಾತು ನಿಧಾನ, ನಡುನಡುವೆ ದೀರ್ಘ ವಿರಾಮ; ಆದರೆ ನಿಲ್ಲಲಿಲ್ಲ. ನಮ್ಮ ದೇಶದ ನಾಯಕರನ್ನು ಒಂದು ಮಾತೂ ಕೇಳದೆ ಭಾರತವನ್ನೂ ಆ ಯುದ್ಧಕ್ಕೆ ಸೇರಿಸಿದರೆಂಬುದನ್ನು ನಾವು ಮರೆಯಲಾಗದು. ಆದರೂ ಒಬ್ಬ ಉಗ್ಗುವ ಮನುಷ್ಯನು ತನ್ನ ಕರ್ತವ್ಯವನ್ನು ಮುಗಿಸಿದನೆಂಬುದು ಬೇರೆಯೇ ವಿಷಯ. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ.

ಇಲ್ಲಿ ಚಲನಚಿತ್ರಕ್ಕೂ ಚರಿತ್ರೆಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಚಿತ್ರದಲ್ಲಿ ದೊರೆಯೂ ಗುರುವೂ ಭೇಟಿಯಾಗುವುದು ೧೯೩೪ರ ಸುಮಾರಿಗೆ. ಐದು ವರ್ಷಗಳಲ್ಲಿ ಕಥೆ ಮುಗಿಯುತ್ತದೆ. ನಿಜದಲ್ಲಿ ೧೯೨೬ರಿಂದ ೧೯೩೯ರವರೆಗೆ ಹದಿಮೂರು ವರ್ಷಗಳ ಸಾಧನೆ. ಚಿತ್ರದಲ್ಲಿ ಗುರುವು ದೊರೆಯನ್ನು ಮನೆಯ ಮುದ್ದಿನ ಹೆಸರಿನಿಂದ ಕರೆಯುತ್ತಾನೆ. ಲೋಗ್ ಬರೆದ ನಿಜವಾದ ಪತ್ರಗಳು ಬಹು ಮರ್ಯಾದೆಯ ಧಾಟಿಯವು. ಚಿತ್ರದಲ್ಲಿ ಬೈಗುಳಗಳನ್ನು ಕೂಗಿಸಿ ನಾಲಿಗೆಯನ್ನು ಸಡಿಲಗೊಳಿಸುವ ಒಂದು ದೃಶ್ಯವಿದೆ. ಹಾಗೆ ನಡೆಯಿತೆನ್ನಲು ಆಧಾರವಿಲ್ಲ. ಈ ದೃಶ್ಯದ ಕಾರಣದಿಂದ, ಚಿಕ್ಕ ಮಕ್ಕಳಿಗೆ ಚಿತ್ರವನ್ನು ತೋರಿಸುವ ಮೊದಲು ಹಿರಿಯರು ತಾವೊಮ್ಮೆ ನೋಡುವುದು ಒಳ್ಳೆಯದು. ಬಾಯಿತುಂಬ ಗೋಲಿಗಳನ್ನು ಇಟ್ಟುಕೊಂಡು ಮಾತನಾಡಿಸುವ ದೃಶ್ಯವೂ ಉಂಟು. ಗ್ರೀಸ್ ದೇಶದ ಡೆಮಾಸ್ತನೀಸನು ಬಾಯಲ್ಲಿ ಹರಳುಗಳನ್ನಿಟ್ಟುಕೊಂಡು ಅಭ್ಯಾಸ ಮಾಡಿದನೆಂಬ ಹಳೆಯ ಕಥೆಯೇ ಅದರ ಮೂಲ. ಯಾರೂ ಅದನ್ನು ಅನುಕರಿಸಬಾರದು. ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಾಪಾಯ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ದೊರೆಯ ಉಗ್ಗು ಸಂಪೂರ್ಣವಾಗಿ ಮಾಯವಾಗಲಿಲ್ಲ. ೧೯೪೪ರ ಕ್ರಿಸ್ಮಸ್ ಭಾಷಣದ ಹೊತ್ತಿಗೆ ಅವರು ಗುರುವಿನ ಸಮೀಪವಿಲ್ಲದೆ ತಾವೇ ಮಾತನಾಡುವಷ್ಟು ಧೈರ್ಯ ಪಡೆದಿದ್ದರು. ಆದರೂ ೧೯೫೨ರ ಫೆಬ್ರವರಿ ೬ರಂದು ತೀರಿಕೊಳ್ಳುವವರೆಗೆ ಅವರ ಪ್ರತಿಯೊಂದು ಭಾಷಣವೂ ಪರಿಶ್ರಮದ ಫಲವೇ ಆಗಿತ್ತು. ಅವರು ಗೆದ್ದುದು ಉಗ್ಗನ್ನಲ್ಲ, ಉಗ್ಗಿನ ಭಯವನ್ನು.

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಇನ್ನೂ ದೊಡ್ಡ ನಿದರ್ಶನವಿದೆ. ೧೯೫೬ರ ನವೆಂಬರ್ ೧ರಂದು ಕೇರಳವು ರೂಪುಗೊಂಡಿತು. ೧೯೫೭ರ ಏಪ್ರಿಲ್ ೫ರಂದು ಅದರ ಮೊದಲನೆಯ ಮುಖ್ಯಮಂತ್ರಿಯಾದವರು ಇ. ಎಂ. ಎಸ್. ನಂಬೂದಿರಿಪ್ಪಾಡ್. ಅವರು ಜೀವಮಾನವಿಡೀ ಉಗ್ಗುತ್ತಿದ್ದರು. ಆದರೂ ವಿಧಾನಸಭೆಯಲ್ಲಿ, ಮೈದಾನಗಳಲ್ಲಿ, ಸಾವಿರಾರು ಜನರ ಮುಂದೆ ಮಾತನಾಡಿದರು. ಜನ ಕಾದು ಕೇಳಿದರು. ‘ತಾವು ಯಾವಾಗಲೂ ಉಗ್ಗುತ್ತೀರಾ?’ ಎಂದು ಯಾರೋ ಕೇಳಿದಾಗ, ‘ಇಲ್ಲ, ಮಾತನಾಡುವಾಗ ಮಾತ್ರ’ ಎಂದು ಅವರು ಉತ್ತರಿಸಿದರೆಂಬ ಕಥೆಯನ್ನು ಕೇರಳದ ಜನ ಇಂದಿಗೂ ಹೇಳಿ ನಗುತ್ತಾರೆ. ಆ ನಗೆ ಅವರನ್ನು ಕುರಿತ ಹಾಸ್ಯವಲ್ಲ. ಅವರ ಜೊತೆಗೂಡಿದ ನಗೆ. ಅವರ ಪಕ್ಷದ ಮತವನ್ನು ಒಪ್ಪುವುದು ಬಿಡುವುದು ಅವರವರ ಇಚ್ಛೆ. ಆದರೆ ಉಗ್ಗಿನಿಂದಾಗಿ ಆ ಮನುಷ್ಯರು ತಮ್ಮ ಒಂದು ಮಾತನ್ನೂ ನುಂಗಿಕೊಳ್ಳಲಿಲ್ಲವೆಂಬುದನ್ನು ಎಲ್ಲರೂ ಒಪ್ಪಬೇಕು.

ಲೋಗರಂಥ ಗುರುಗಳು ನಮಗೆ ಎಲ್ಲಿ ದೊರೆಯುವರು? ದೂರವೇನಿಲ್ಲ. ಬತ್ತೇರಿಯಿಂದ ಗುಂಡ್ಲುಪೇಟೆಯ ಮಾರ್ಗವಾಗಿ, ಅಥವಾ ಮಾನಂದವಾಡಿಯಿಂದ ಬಾವಲಿ, ಹೆಗ್ಗಡದೇವನಕೋಟೆಗಳ ಮಾರ್ಗವಾಗಿ, ಕಾಡನ್ನು ದಾಟಿ ಹೋದರೆ ಮೈಸೂರು. ಅಲ್ಲಿಯ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ೧೯೬೫ರಲ್ಲಿ ಸ್ಥಾಪಿತವಾದ, ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಗೆ ಸೇರಿದ ಈ ಸಂಸ್ಥೆಯಲ್ಲಿ ಮಾತಿನ ಮತ್ತು ಕಿವಿಯ ತೊಂದರೆಗಳನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ಆ ವಿದ್ಯೆಯನ್ನು ಕಲಿಸುತ್ತಲೂ ಇದ್ದಾರೆ. ಕನ್ನಡದಲ್ಲಿಯೇ ಮಾತನಾಡಿ ಚಿಕಿತ್ಸೆ ಪಡೆಯಬಹುದೆಂಬುದು ನಮ್ಮಂಥವರಿಗೆ ದೊಡ್ಡ ಅನುಕೂಲ. ಹಿಂದೆ ಈ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊಫೆಸರ್ ನ. ರತ್ನ ಅವರು ಮೈಸೂರಿನ ಹೆಸರಾಂತ ರಂಗಕರ್ಮಿಯೂ ಆಗಿದ್ದರು. ವಾಚಕನಾಗಿದ್ದ ಲೋಗ್ ಮಾತಿನ ಗುರುವಾದಂತೆ, ಇಲ್ಲಿಯೂ ರಂಗಭೂಮಿಯೂ ವಾಕ್‌ಶಾಸ್ತ್ರವೂ ಒಬ್ಬರಲ್ಲಿ ಕೂಡಿದುದು ಒಂದು ಸೊಗಸು. ಕೇರಳದಲ್ಲಿ ತಿರುವನಂತಪುರದ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆಯು ೧೯೯೭ರಿಂದ ಕೆಲಸ ಮಾಡುತ್ತಿದೆ.

ಎರಡರಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು ಐವರು ಕೆಲಕಾಲ ಉಗ್ಗುತ್ತಾರೆ. ಅವರಲ್ಲಿ ಬಹುಪಾಲು, ನಾಲ್ವರಲ್ಲಿ ಸುಮಾರು ಮೂವರು, ತಾವಾಗಿಯೇ ಸರಿಹೋಗುತ್ತಾರೆ. ದೊಡ್ಡವರಲ್ಲಿ ನೂರಕ್ಕೆ ಒಬ್ಬರಷ್ಟು ಉಳಿಯುತ್ತಾರೆ. ಹುಡುಗಿಯರಿಗಿಂತ ಹುಡುಗರಲ್ಲಿಯೇ ಇದು ಹೆಚ್ಚು. ಆರು ತಿಂಗಳಾದರೂ ಉಗ್ಗು ಇಳಿಯದಿದ್ದರೆ, ಅಥವಾ ಮಗುವು ಮಾತನಾಡಲು ಹೆದರಿ ಹಿಂಜರಿಯುತ್ತಿದ್ದರೆ, ‘ತಾನಾಗಿ ಹೋದೀತು’ ಎಂದು ಕೂಡದೆ ತಜ್ಞರಿಗೆ ತೋರಿಸುವುದು ವಿವೇಕ.

ಆದರೆ ತಜ್ಞರು ವಾರಕ್ಕೊಂದು ಗಳಿಗೆ ಸಿಕ್ಕಾರು. ಉಳಿದ ಕಾಲವೆಲ್ಲ ಮಗು ನಮ್ಮೊಡನೆಯೇ ಇರುತ್ತದೆ. ತರಗತಿಯೊಂದನ್ನು ನೆನೆಯಿರಿ. ಉಪಾಧ್ಯಾಯರು ಹಾಜರಿ ಕರೆಯುತ್ತಾರೆ. ಹುಡುಗನೊಬ್ಬನಿಗೆ ತನ್ನ ಸರದಿ ಸಮೀಪಿಸಿದಂತೆ ಎದೆ ಬಡಿದುಕೊಳ್ಳುತ್ತದೆ. ಹೆಸರು ಕೇಳಿದರೆ ಇನ್ನೂ ಕಷ್ಟ. ಬೇರೆ ಮಾತಿಗೆ ಬದಲು ಮಾತು ಹುಡುಕಬಹುದು, ತನ್ನ ಹೆಸರಿಗೆ ಬದಲಿಲ್ಲ. ಪ್ರಶ್ನೆ ಬಂದಾಗ ಉತ್ತರ ಗೊತ್ತಿದ್ದರೂ ‘ಗೊತ್ತಿಲ್ಲ ಸಾರ್’ ಎನ್ನುತ್ತಾನೆ. ಏಕೆಂದರೆ ಆ ಮಾತು ಸುಲಭವಾಗಿ ಹೊರಡುತ್ತದೆ. ನಾವು ಅವನನ್ನು ದಡ್ಡನೆಂದು ಬರೆದಿಡುತ್ತೇವೆ. ಎಲ್ಲರೊಡನೆ ಕೂಡಿ ಮಗ್ಗಿ ಹೇಳುವಾಗ, ಪ್ರಾರ್ಥನೆ ಹಾಡುವಾಗ, ಅದೇ ಹುಡುಗನಿಗೆ ಒಂದಕ್ಷರವೂ ತಡೆಯುವುದಿಲ್ಲವೆಂಬುದನ್ನು ಗಮನಿಸಿದವರು ಎಷ್ಟು ಮಂದಿ? ಹಾಡುವಾಗಲೂ ಒಟ್ಟಾಗಿ ಓದುವಾಗಲೂ ಉಗ್ಗು ಸಾಮಾನ್ಯವಾಗಿ ಮರೆಯಾಗುತ್ತದೆ.

ಆದುದರಿಂದ ತಂದೆತಾಯಿಗಳೂ ಉಪಾಧ್ಯಾಯರೂ ಮಾಡಬೇಕಾದ ಕೆಲಸ ಬಹು ಸಣ್ಣದು, ಬಹು ಕಷ್ಟದ್ದೂ ಹೌದು: ಕಾಯಬೇಕು. ಮಗುವಿನ ಮಾತನ್ನು ನಾವು ಮುಗಿಸಿಕೊಡಬಾರದು. ‘ನಿಧಾನವಾಗಿ ಹೇಳು, ಉಸಿರು ಎಳೆದುಕೊ’ ಎಂದು ನಡುವೆ ಬಾಯಿ ಹಾಕಬಾರದು. ಅದರ ಬದಲು ನಾವೇ ನಿಧಾನವಾಗಿ ಮಾತನಾಡಬೇಕು. ಮುಖ ತಿರುಗಿಸದೆ ನೋಡುತ್ತಿರಬೇಕು. ಹೇಗೆ ಹೇಳಿತೆಂಬುದನ್ನು ಬಿಟ್ಟು ಏನು ಹೇಳಿತೆಂಬುದಕ್ಕೆ ಉತ್ತರ ಕೊಡಬೇಕು. ಶಾಲೆಯ ನಾಟಕದಲ್ಲಿ ಪಾತ್ರ ಬೇಕೇ ಬೇಡವೇ ಎಂಬುದನ್ನು ನಾವೇ ತೀರ್ಮಾನಿಸದೆ ಮಗುವನ್ನೇ ಕೇಳಬೇಕು.

ವಿದ್ಯಾರ್ಥಿಗಳಿಗೂ ಒಂದು ಮಾತು. ಜೊತೆಯವನನ್ನು ‘ಉಗ್ಗ’ ಎಂದು ಕರೆಯುವುದು, ಅವನಂತೆ ಮಾತನಾಡಿ ನಗಿಸುವುದು, ನಿಮಗೆ ಒಂದು ಗಳಿಗೆಯ ವಿನೋದ. ಆ ಅಡ್ಡಹೆಸರನ್ನು ಅವನು ಐವತ್ತು ವರ್ಷ ಹೊತ್ತಾನು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ಹಿರಿಯರು ಹೇಳಿದುದು ಸರಾಗವಾಗಿ ಮಾತನಾಡಬಲ್ಲ ನಮ್ಮನ್ನು ಎಚ್ಚರಿಸುವುದಕ್ಕಾಗಿಯೇ.

ದೊರೆಗೆ ಅರಮನೆಯಿತ್ತು, ವೈದ್ಯರಿದ್ದರು, ಹಣವಿತ್ತು. ಅವು ಯಾವುವೂ ಮಾತನ್ನು ತಂದುಕೊಡಲಿಲ್ಲ. ಒಂದು ಕೋಣೆಯಲ್ಲಿ ಕುಳಿತು, ಅವಸರಪಡದೆ ತನ್ನ ಮಾತಿಗಾಗಿ ಕಾದ ಒಬ್ಬ ಮನುಷ್ಯನು ದೊರೆತ ಮೇಲೆ ಮಾತು ಬಂತು. ಅರಮನೆಯನ್ನು ನಾವು ನಮ್ಮ ಮಕ್ಕಳಿಗೆ ಕೊಡಲಾರೆವು. ಕಾದು ಕೇಳುವ ಕಿವಿಯನ್ನು ಇಂದು ಸಂಜೆಯೇ ಕೊಡಬಹುದು.